ಶಾಲಾ ಕಚೇರಿಯ ಸಾಮೂಹಿಕ ದತ್ತಸಂಚಯ: ಸುರಕ್ಷಿತವಾಗಿ, ಸುಲಭವಾಗಿ ತೆರೆಯುವ ಕ್ರಮ

ಪೀಠಿಕೆ

ಶಾಲೆಯ ಪ್ರವೇಶ ದಾಖಲಾತಿ ಪುಸ್ತಕವು ಬೀರುವಿನಲ್ಲಿದ್ದ ಕಾಲದಲ್ಲಿ ಅದಕ್ಕೆ ತನ್ನದೇ ಆದ ಶಿಸ್ತೊಂದಿತ್ತು. ಪುಸ್ತಕ ಒಂದೇ, ಒಮ್ಮೆಗೆ ಒಬ್ಬರು ಮಾತ್ರ ಅದರಲ್ಲಿ ಬರೆಯಬಲ್ಲರು. ತಿದ್ದುಪಡಿ ಬೇಕಾದರೆ ಹಳೆಯ ಬರಹದ ಮೇಲೆ ಗೆರೆ ಎಳೆದು, ಹೊಸದನ್ನು ಬರೆದು, ಮುಖ್ಯೋಪಾಧ್ಯಾಯರು ಪಕ್ಕದಲ್ಲಿ ಸಹಿ ಹಾಕುತ್ತಿದ್ದರು. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದು ಹಾಳೆಯಲ್ಲೇ ಕಾಣುತ್ತಿತ್ತು.

ಅದೇ ವಿವರಗಳು ಇಂದು ಗಣಕಯಂತ್ರದಲ್ಲಿವೆ. ಕೇರಳದಲ್ಲಿ ಮಕ್ಕಳ ಅಧಿಕೃತ ವಿವರಗಳು ‘ಸಂಪೂರ್ಣ’ ಎಂಬ ಜಾಲತಂತ್ರಾಂಶಕ್ಕೆ ಸೇರುತ್ತವೆ. ಅದರ ಜೊತೆಗೆ ಪಠ್ಯಪುಸ್ತಕದ ಬೇಡಿಕೆ, ಮಧ್ಯಾಹ್ನದ ಊಟದ ಲೆಕ್ಕ, ವಿದ್ಯಾರ್ಥಿವೇತನ, ಶಾಲಾ ವಾಹನ ಮೊದಲಾದ ಒಳಗಿನ ಕೆಲಸಗಳಿಗೆ ತಮ್ಮದೇ ಆದ ದತ್ತಸಂಚಯವನ್ನು ಕಚೇರಿಯಲ್ಲಿ ಇಟ್ಟುಕೊಂಡಿರುವ ಶಾಲೆಗಳೂ ಇವೆ. ಗುಮಾಸ್ತರು, ತರಗತಿ ಶಿಕ್ಷಕರು, ಮುಖ್ಯೋಪಾಧ್ಯಾಯರು ಎಲ್ಲರೂ ಅದನ್ನು ತೆರೆಯುತ್ತಾರೆ. ಪುಸ್ತಕಕ್ಕಿದ್ದ ಶಿಸ್ತು ಈ ಕಡತಕ್ಕೆ ತಾನಾಗಿ ಬರುವುದಿಲ್ಲ. ಅದನ್ನು ಬಳಸುವವರೇ ರೂಢಿಸಬೇಕು. ಆ ಶಿಸ್ತು ಮೊದಲಾಗುವುದು ಕಡತವನ್ನು ತೆರೆಯುವ ಕ್ಷಣದಲ್ಲಿ.

ಪಾಠದ ಉದ್ದೇಶಗಳು

ಈ ಪಾಠದ ಕೊನೆಯಲ್ಲಿ ಶಿಕ್ಷಕರು,
1. ಹಲವರು ಬಳಸುವ ದತ್ತಸಂಚಯವನ್ನು ನೇರವಾಗಿ ತೆರೆಯುವುದು ಏಕೆ ಅಪಾಯಕರ ಎಂಬುದನ್ನು ವಿವರಿಸುವರು.
2. ದತ್ತಾಂಶವನ್ನೂ ಅದನ್ನು ನೋಡುವ ನಮೂನೆಗಳನ್ನೂ ಬೇರ್ಪಡಿಸುವ ಕ್ರಮವನ್ನು ತಿಳಿಯುವರು.
3. ತೆರೆಯುವಾಗ ಬರುವ ಎಚ್ಚರಿಕೆಗಳನ್ನು ಓದಿ, ತಕ್ಕ ನಿರ್ಧಾರ ಕೈಗೊಳ್ಳುವರು.
4. ಕಡತವನ್ನು ಮುಚ್ಚುವ ಹಾಗೂ ಪ್ರತಿ ತೆಗೆದಿಡುವ ಪದ್ಧತಿಯನ್ನು ಶಾಲೆಯಲ್ಲಿ ರೂಢಿಗೆ ತರುವರು.

1. ಒಂದು ಸಂದರ್ಭ

ಕನ್ನಡ ಮತ್ತು ಮಲಯಾಳ ಮಾಧ್ಯಮಗಳೆರಡೂ ಇರುವ ಗಡಿನಾಡಿನ ಒಂದು ಪ್ರಾಥಮಿಕ ಶಾಲೆಯನ್ನು ಊಹಿಸಿಕೊಳ್ಳಬಹುದು. ಜೂನ್ ತಿಂಗಳ ಮೊದಲ ವಾರ. ಹೊಸ ಮಕ್ಕಳ ವಿವರಗಳನ್ನು ಸೇರಿಸುವ ಕೆಲಸ ಮುಗಿದಿಲ್ಲ. ಗುಮಾಸ್ತರು ಸಂಜೆ ದತ್ತಸಂಚಯದ ಕಡತವನ್ನು ಪೆನ್ ಡ್ರೈವಿಗೆ ನಕಲಿಸಿಕೊಂಡು, ಉಳಿದ ಕೆಲಸವನ್ನು ಮನೆಯಲ್ಲಿ ಮುಗಿಸಲು ಒಯ್ಯುತ್ತಾರೆ. ಅವರು ಹೊರಟ ಮೇಲೆ ಒಂದನೆಯ ತರಗತಿಯ ಶಿಕ್ಷಕಿ ಕಚೇರಿಯ ಕಡತವನ್ನು ತೆರೆದು ನೋಡುತ್ತಾರೆ. ಮನೆಯಲ್ಲಿ ತುಳು ಮಾತನಾಡುವ, ಕನ್ನಡ ಮಾಧ್ಯಮಕ್ಕೆ ಸೇರಿದ ಮೂರು ಮಕ್ಕಳ ಹೆಸರಿನ ಮುಂದೆ ತಪ್ಪಾಗಿ ‘ಮಲಯಾಳ ಮಾಧ್ಯಮ’ ಎಂದಿದೆ. ಅವರು ಮೂರನ್ನೂ ತಿದ್ದಿ ಕಡತವನ್ನು ಮುಚ್ಚುತ್ತಾರೆ. ಮರುದಿನ ಬೆಳಿಗ್ಗೆ ಗುಮಾಸ್ತರು ಪೆನ್ ಡ್ರೈವಿನ ಕಡತವನ್ನು ಹಳೆಯದರ ಮೇಲೆ ಹಾಕುತ್ತಾರೆ. ಶಿಕ್ಷಕಿಯ ಮೂರು ತಿದ್ದುಪಡಿಗಳೂ ಅಳಿದುಹೋಗುತ್ತವೆ.

ಇಲ್ಲಿ ಯಂತ್ರ ಕೆಟ್ಟಿಲ್ಲ. ತಂತ್ರಾಂಶವು ತಪ್ಪನ್ನು ತೋರಿಸಿಲ್ಲ. ಇಬ್ಬರಲ್ಲಿ ಯಾರೂ ಅಸಡ್ಡೆ ಮಾಡಿಲ್ಲ. ಒಬ್ಬರು ಮನೆಗೂ ಕೆಲಸ ಹೊತ್ತೊಯ್ದಿದ್ದಾರೆ, ಇನ್ನೊಬ್ಬರು ಶಾಲೆ ಬಿಟ್ಟ ಮೇಲೂ ನಿಂತು ತಪ್ಪು ಹುಡುಕಿದ್ದಾರೆ. ಆದರೂ ಆರನೆಯ ಕೆಲಸದ ದಿನದ ಲೆಕ್ಕಕ್ಕೆ ಪಟ್ಟಿ ತೆಗೆದಾಗ ಕನ್ನಡ ವಿಭಾಗದಲ್ಲಿ ಮೂರು ಮಕ್ಕಳು ಕಡಿಮೆ.

ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯ ಮೇಲೆ ಕೇರಳದಲ್ಲಿ ಶಿಕ್ಷಕರ ಹುದ್ದೆಗಳು ನಿಗದಿಯಾಗುತ್ತವೆ ಎಂಬುದು ಎಲ್ಲ ಶಿಕ್ಷಕರಿಗೂ ತಿಳಿದ ವಿಷಯ. ಸಂಖ್ಯೆಯೊಂದು ಹುದ್ದೆಯನ್ನು ಹೇಗೆ ತೀರ್ಮಾನಿಸುತ್ತದೆ ಎಂಬುದಕ್ಕೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ನಿದರ್ಶನ. ಅದರಂತೆ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. 61ರಿಂದ 90ರ ತನಕ ಮೂವರು. ಕಾಗದದ ಮೇಲೆ 60ಕ್ಕೂ 61ಕ್ಕೂ ಇರುವ ಅಂತರ ಒಂದು ಮಗು. ಶಾಲೆಯಲ್ಲಿ ಅದು ಒಬ್ಬ ಶಿಕ್ಷಕರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲೇ, ಏಳನೆಯ ತಿದ್ದುಪಡಿಯ ಮೂಲಕ ಸೇರಿದ ವಿಧಿ ಇದು. ಅಂಥ ಆಶ್ವಾಸನೆಯೂ ಶಾಲೆಯ ಮಟ್ಟದಲ್ಲಿ ನಿಲ್ಲುವುದು ಸರಿಯಾದ ದಾಖಲೆಯ ಮೇಲೆಯೇ. ‘ಮಾಧ್ಯಮ’ ಎಂಬ ಒಂದು ಕಲಮಿನಲ್ಲಿ ಆಗುವ ತಪ್ಪನ್ನು ಸಣ್ಣದೆಂದು ಗಡಿನಾಡಿನ ಶಿಕ್ಷಕರು ಬಿಡಲಾಗದು.

2. ಕಡತವನ್ನು ತೆರೆದಾಗ ನಡೆಯುವುದೇನು?

ಸಾಮಾನ್ಯ ಬರಹದ ಕಡತವನ್ನು ತೆರೆದಾಗ ಅದರ ಪ್ರತಿ ಗಣಕಯಂತ್ರದ ಸ್ಮೃತಿಗೆ ಬರುತ್ತದೆ. ‘ಉಳಿಸು’ ಎಂದಾಗ ಮಾತ್ರ ಬದಲಾವಣೆಗಳು ಮೂಲಕ್ಕೆ ಹೋಗುತ್ತವೆ. ದತ್ತಸಂಚಯವು ಹಾಗಲ್ಲ. ಮೈಕ್ರೋಸಾಫ್ಟ್ ಆಕ್ಸೆಸ್‌ನಂಥ ತಂತ್ರಾಂಶದಲ್ಲಿ ಒಂದು ದಾಖಲೆಯನ್ನು ತಿದ್ದಿ ಮುಂದಿನ ದಾಖಲೆಗೆ ಹೋದ ಕೂಡಲೇ ತಿದ್ದುಪಡಿಯು ಮೂಲ ಕಡತದಲ್ಲಿ ಬರೆಯಲ್ಪಡುತ್ತದೆ. ‘ಉಳಿಸಲೇ?’ ಎಂಬ ಪ್ರಶ್ನೆ ಬರುವುದಿಲ್ಲ. ‘ಸುಮ್ಮನೆ ನೋಡಲು ತೆರೆದೆ’ ಎಂಬ ಮಾತಿಗೆ ಇಲ್ಲಿ ಅರ್ಥ ಕಡಿಮೆ. ತೆರೆದವರ ಕೈತಪ್ಪಿ ಬಿದ್ದ ಅಕ್ಷರವೂ ದಾಖಲೆಯಾಗಬಹುದು.

ಹಲವರು ಒಟ್ಟಿಗೆ ಬಳಸುವಾಗ ಗೊಂದಲವಾಗದಂತೆ ತಂತ್ರಾಂಶವು ಒಂದು ಬೀಗದ ಕಡತವನ್ನು ನಿರ್ಮಿಸುತ್ತದೆ. ಆಕ್ಸೆಸ್‌ನ ದತ್ತಸಂಚಯವನ್ನು ಮೊದಲಿಗರು ತೆರೆದಾಗ, ಅದೇ ಫೋಲ್ಡರಿನಲ್ಲಿ ಅದೇ ಹೆಸರಿನ, ‘ಎಲ್‌ಎಸಿಸಿಡಿಬಿ’ ಎಂಬ ಬಾಲವುಳ್ಳ ಚಿಕ್ಕ ಕಡತವೊಂದು ಕಾಣಿಸಿಕೊಳ್ಳುತ್ತದೆ. ಯಾವ ಯಂತ್ರಗಳು ಒಳಗಿವೆ ಎಂಬುದು ಅದರಲ್ಲಿ ದಾಖಲಾಗುತ್ತದೆ. ಕೊನೆಯವರು ಹೊರಬಂದಾಗ ಅದು ತಾನಾಗಿಯೇ ಅಳಿಯುತ್ತದೆ. ಆದ್ದರಿಂದ ಫೋಲ್ಡರಿನಲ್ಲಿ ಆ ಕಡತ ಕಂಡರೆ ‘ಒಳಗೆ ಯಾರೋ ಇದ್ದಾರೆ’ ಎಂದು ತಿಳಿಯಬೇಕು. ಅದನ್ನು ಕಸವೆಂದು ಅಳಿಸಬಾರದು.

3. ಉಗ್ರಾಣ ಒಂದು, ಬಾಗಿಲು ಹಲವು

ದತ್ತಸಂಚಯದಲ್ಲಿ ಎರಡು ಬಗೆಯ ವಸ್ತುಗಳಿರುತ್ತವೆ. ಮಕ್ಕಳ ಹೆಸರು, ಜನ್ಮದಿನಾಂಕ, ಮಾಧ್ಯಮ ಇತ್ಯಾದಿ ತುಂಬಿರುವ ಕೋಷ್ಟಕಗಳು ಒಂದು ಬಗೆ. ಅವನ್ನು ನೋಡಲು, ತುಂಬಲು, ಮುದ್ರಿಸಲು ಬೇಕಾಗುವ ನಮೂನೆಗಳು, ಪ್ರಶ್ನಾವಳಿಗಳು ಹಾಗೂ ವರದಿಗಳು ಇನ್ನೊಂದು ಬಗೆ. ಮೊದಲನೆಯದು ಉಗ್ರಾಣವಾದರೆ ಎರಡನೆಯದು ಅದರ ಬಾಗಿಲು. ಎರಡೂ ಒಂದೇ ಕಡತದಲ್ಲಿದ್ದು, ಎಲ್ಲರೂ ಅದೇ ಕಡತವನ್ನು ತೆರೆದರೆ, ಒಬ್ಬರ ಯಂತ್ರ ನಡುವೆ ನಿಂತಾಗ ಎಲ್ಲರ ಕಡತವೂ ಕೆಡುವ ಸಂಭವ ಹೆಚ್ಚು.

ಆದ್ದರಿಂದ ಎರಡನ್ನೂ ಬೇರ್ಪಡಿಸಬೇಕು. ಆಕ್ಸೆಸ್‌ನಲ್ಲಿ ಇದಕ್ಕೆ ಸಿದ್ಧ ಸಾಧನವಿದೆ. ಅನುಸರಿಸಬೇಕಾದ ಕ್ರಮ ಹೀಗಿದೆ:

ಅ) ಎಲ್ಲರೂ ಕಡತವನ್ನು ಮುಚ್ಚಿದ ಬಳಿಕ ಅದರ ಒಂದು ಪ್ರತಿಯನ್ನು ಬೇರೆಡೆ ತೆಗೆದಿಡಬೇಕು.
ಆ) ‘ಡೇಟಾಬೇಸ್ ಟೂಲ್ಸ್’ ವಿಭಾಗದಲ್ಲಿ ‘ಮೂವ್ ಡೇಟಾ’ ಗುಂಪಿನ ‘ಆಕ್ಸೆಸ್ ಡೇಟಾಬೇಸ್’ ಎಂಬುದನ್ನು ಒತ್ತಿ, ‘ಸ್ಪ್ಲಿಟ್ ಡೇಟಾಬೇಸ್’ ಆಯ್ದುಕೊಳ್ಳಬೇಕು. ಕೋಷ್ಟಕಗಳು ಹೊಸ ಕಡತಕ್ಕೆ ಹೋಗುತ್ತವೆ. ಅದರ ಹೆಸರಿನ ಕೊನೆಗೆ ‘ಬಿಇ’ ಎಂಬ ಗುರುತು ಸೇರುತ್ತದೆ. ಇದೇ ಉಗ್ರಾಣ.
ಇ) ಉಗ್ರಾಣದ ಕಡತವು ಕಚೇರಿಯ ಒಂದು ಯಂತ್ರದ ಹಂಚಿಕೆಯ ಫೋಲ್ಡರಿನಲ್ಲಿ ಇರಬೇಕು. ಬಾಗಿಲಿನ ಕಡತದ ಒಂದೊಂದು ಪ್ರತಿ ಪ್ರತಿಯೊಬ್ಬರ ಯಂತ್ರದಲ್ಲೂ ಇರಬೇಕು.
ಈ) ಉಗ್ರಾಣದ ದಾರಿಯನ್ನು ಸೂಚಿಸುವಾಗ ಡ್ರೈವಿನ ಅಕ್ಷರವನ್ನು ನಂಬದೆ, ಎರಡು ಓರೆಗೆರೆಗಳಿಂದ ಆರಂಭವಾಗುವ ಪೂರ್ಣ ಜಾಲವಿಳಾಸವನ್ನು ಕೊಡಬೇಕು. ಒಂದು ಯಂತ್ರದಲ್ಲಿ ‘ಝಡ್’ ಆಗಿರುವ ಡ್ರೈವ್ ಇನ್ನೊಂದರಲ್ಲಿ ‘ವೈ’ ಆಗಿರಬಹುದು.

ಹಂಚಿಕೆಯ ಫೋಲ್ಡರಿನ ಅನುಮತಿಯ ವಿಷಯದಲ್ಲಿ ಆಗಾಗ ಒಂದು ತಪ್ಪಾಗುತ್ತದೆ. ಸುರಕ್ಷತೆಯ ಹೆಸರಿನಲ್ಲಿ ಶಿಕ್ಷಕರಿಗೆ ‘ಓದಲು ಮಾತ್ರ’ ಎಂಬ ಅನುಮತಿ ನೀಡಿದರೆ ಅವರ ಯಂತ್ರಕ್ಕೆ ಬೀಗದ ಕಡತವನ್ನು ನಿರ್ಮಿಸಲು ಆಗುವುದಿಲ್ಲ. ದಾಖಲೆ ತುಂಬುವ ಕೆಲಸವೂ ಸಾಗುವುದಿಲ್ಲ. ದಾಖಲೆ ತುಂಬಬೇಕಾದವರಿಗೆ ಆ ಒಂದು ಫೋಲ್ಡರಿನಲ್ಲಿ ಓದುವ, ಬರೆಯುವ, ಕಡತ ನಿರ್ಮಿಸುವ, ಅಳಿಸುವ ಅನುಮತಿಗಳು ಬೇಕು. ತುಂಬುವ ಕೆಲಸವಿಲ್ಲದವರಿಗೆ ಆ ಫೋಲ್ಡರಿನ ಪ್ರವೇಶವೇ ಬೇಡ; ಮುದ್ರಿತ ವರದಿ ಸಾಕು.

ಉಗ್ರಾಣವನ್ನು ಗೂಗಲ್ ಡ್ರೈವ್, ಒನ್‌ಡ್ರೈವ್ ಮೊದಲಾದ ಸಮನ್ವಯ ಫೋಲ್ಡರುಗಳಲ್ಲಿ ಇಡಬಾರದು. ಅವು ಇಡೀ ಕಡತವನ್ನು ಒಂದು ವಸ್ತುವಾಗಿ ನಕಲಿಸುತ್ತವೆಯೇ ಹೊರತು ಒಳಗಿನ ದಾಖಲೆಗಳ ಬೀಗವನ್ನು ಅರಿಯವು. ಪೆನ್ ಡ್ರೈವಿನ ಕಥೆ ಅಲ್ಲಿಯೂ ಮರುಕಳಿಸುತ್ತದೆ. ಹಾಗೆಯೇ ನಿಸ್ತಂತು ಸಂಪರ್ಕದ ಮೂಲಕ ಆಕ್ಸೆಸ್ ಉಗ್ರಾಣವನ್ನು ಬಳಸುವುದು ಕ್ಷೇಮವಲ್ಲ. ಬರೆಯುವ ನಡುವೆ ಸಂಪರ್ಕ ಕ್ಷಣಕಾಲ ಕಡಿದರೂ ಕಡತ ಹಾಳಾಗಬಹುದು. ತಂತಿಯ ಸಂಪರ್ಕವೇ ಇರಲಿ. ಮಳೆಗಾಲದಲ್ಲಿ ವಿದ್ಯುತ್ತು ಪದೇಪದೇ ಹೋಗುವ ಊರುಗಳಲ್ಲಿ ಉಗ್ರಾಣದ ಯಂತ್ರಕ್ಕೆ ಯುಪಿಎಸ್ ಆಸರೆಯೂ ಇರಲಿ.

4. ಸುಲಭವಾಗಿ ತೆರೆಯಲು ಒಂದೇ ಚಿಹ್ನೆ

ಕ್ರಮವು ಕಠಿಣವಾದರೆ ಜನ ಅಡ್ಡದಾರಿ ಹಿಡಿಯುತ್ತಾರೆ. ಸುರಕ್ಷಿತವಾದ ದಾರಿಯೇ ಎಲ್ಲಕ್ಕಿಂತ ಸುಲಭದ ದಾರಿಯೂ ಆಗಿರಬೇಕು. ಪ್ರತಿಯೊಬ್ಬರ ಪರದೆಯ ಮೇಲೆ ‘ಮಕ್ಕಳ ದಾಖಲೆ’ ಎಂಬ ಹೆಸರಿನ ಒಂದೇ ಚಿಹ್ನೆ ಇದ್ದರೆ ಸಾಕು. ಅದರ ಹಿಂದೆ ಎರಡು ಆದೇಶಗಳ ಚಿಕ್ಕ ಬ್ಯಾಚ್ ಕಡತವಿರುತ್ತದೆ. ಮೊದಲ ಆದೇಶವು ಹಂಚಿಕೆಯ ಫೋಲ್ಡರಿನಲ್ಲಿರುವ ಬಾಗಿಲಿನ ಹೊಸ ಪ್ರತಿಯನ್ನು ಶಿಕ್ಷಕರ ಯಂತ್ರಕ್ಕೆ ನಕಲಿಸುತ್ತದೆ. ಎರಡನೆಯದು ಆ ಪ್ರತಿಯನ್ನು ತೆರೆಯುತ್ತದೆ.

ಇದರಿಂದ ಮೂರು ಪ್ರಯೋಜನಗಳಿವೆ. ಉಗ್ರಾಣ ಎಲ್ಲಿದೆ ಎಂದು ಯಾರೂ ಹುಡುಕಬೇಕಿಲ್ಲ, ಆದ್ದರಿಂದ ಅದನ್ನು ನೇರವಾಗಿ ತೆರೆಯುವ ಪ್ರಸಂಗವೂ ಬಾರದು. ನಮೂನೆಯಲ್ಲಿ ಸುಧಾರಣೆ ಮಾಡಿದಾಗ ಎಲ್ಲ ಯಂತ್ರಗಳಿಗೂ ಓಡಾಡಬೇಕಿಲ್ಲ. ಮರುದಿನ ಎಲ್ಲರಿಗೂ ಹೊಸದೇ ದೊರೆಯುತ್ತದೆ. ಒಬ್ಬರ ಬಾಗಿಲು ಕೆಟ್ಟರೆ ಅದನ್ನು ಮುಚ್ಚಿ ಮತ್ತೆ ಚಿಹ್ನೆಯನ್ನು ಒತ್ತಿದರಾಯಿತು, ಉಗ್ರಾಣಕ್ಕೆ ಧಕ್ಕೆಯಿಲ್ಲ.

ನಮೂನೆಯನ್ನು ರೂಪಿಸುವಾಗ ‘ಮಾತೃಭಾಷೆ’ ಮತ್ತು ‘ಮಾಧ್ಯಮ’ ಎಂಬ ಎರಡು ಕಲಮುಗಳನ್ನು ಪ್ರತ್ಯೇಕವಾಗಿ ಇಡಬೇಕು. ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಮನೆಮಾತಿನ ಮಕ್ಕಳೂ ಕನ್ನಡ ಮಾಧ್ಯಮದಲ್ಲಿ ಕಲಿಯುವ ನಾಡು ಇದು. ‘ಮಾಧ್ಯಮ’ದ ಕಲಮಿಗೆ ಯಾವುದೇ ಭಾಷೆಯನ್ನು ಮೊದಲೇ ತುಂಬಿಡದೆ ಖಾಲಿ ಬಿಟ್ಟು, ಆಯ್ಕೆ ಮಾಡದೆ ಮುಂದೆ ಹೋಗಲಾಗದಂತೆ ಮಾಡಬೇಕು. ಮೊದಲೇ ಉಲ್ಲೇಖಿಸಿದ ಮೂರು ಮಕ್ಕಳ ತಪ್ಪು ಅಂಥ ಪೂರ್ವಭರಿತ ಕಲಮಿನಿಂದಲೇ ಹುಟ್ಟಬಲ್ಲದು.

5. ಎಚ್ಚರಿಕೆಗಳನ್ನು ಓದುವುದು

ಬಾಗಿಲಿನ ಕಡತವನ್ನು ತೆರೆದಾಗ ಮೇಲ್ಭಾಗದಲ್ಲಿ ಹಳದಿ ಪಟ್ಟಿಯೊಂದು ಬಂದು, ಒಳಗಿನ ಆದೇಶಗಳನ್ನು ತಡೆಯಲಾಗಿದೆ ಎನ್ನಬಹುದು. ಕಾಟವೆಂದು ಭಾವಿಸಿ ಎಲ್ಲ ಮ್ಯಾಕ್ರೋಗಳಿಗೂ ಶಾಶ್ವತವಾಗಿ ಅನುಮತಿ ನೀಡುವುದು ತಪ್ಪು. ಹಾಗೆ ಮಾಡಿದರೆ ಮಿಂಚಂಚೆಯಲ್ಲೋ ಪೆನ್ ಡ್ರೈವಿನಲ್ಲೋ ಬಂದ ದುಷ್ಟ ಕಡತಕ್ಕೂ ಅದೇ ಸ್ವಾಗತ ದೊರೆಯುತ್ತದೆ. ಅದರ ಬದಲು ‘ಟ್ರಸ್ಟ್ ಸೆಂಟರ್’ನ ‘ಟ್ರಸ್ಟೆಡ್ ಲೊಕೇಶನ್ಸ್’ ಪಟ್ಟಿಗೆ, ಬಾಗಿಲಿನ ಪ್ರತಿ ಬಂದು ಕೂರುವ ಒಂದು ಫೋಲ್ಡರನ್ನು ಮಾತ್ರ ಸೇರಿಸಬೇಕು. ‘ಡೌನ್‌ಲೋಡ್ಸ್’ ಫೋಲ್ಡರನ್ನಾಗಲಿ ಇಡೀ ಡ್ರೈವನ್ನಾಗಲಿ ಸೇರಿಸಬಾರದು.

ಇಬ್ಬರು ಒಂದೇ ಮಗುವಿನ ದಾಖಲೆಯನ್ನು ಒಂದೇ ವೇಳೆಗೆ ತಿದ್ದಿದರೆ ಎರಡನೆಯವರಿಗೆ ‘ರೈಟ್ ಕಾನ್‌ಫ್ಲಿಕ್ಟ್’ ಎಂಬ ಸೂಚನೆ ಬರಬಹುದು. ಅದರಲ್ಲಿ ಮೂರು ಆಯ್ಕೆಗಳಿರುತ್ತವೆ. ‘ಸೇವ್ ರೆಕಾರ್ಡ್’ ಎಂದರೆ ಮೊದಲಿನವರ ತಿದ್ದುಪಡಿಯ ಮೇಲೆ ತಮ್ಮದನ್ನು ಹೇರುವುದು. ‘ಡ್ರಾಪ್ ಚೇಂಜಸ್’ ಎಂದರೆ ತಮ್ಮದನ್ನು ಬಿಟ್ಟುಕೊಡುವುದು. ‘ಕಾಪಿ ಟು ಕ್ಲಿಪ್‌ಬೋರ್ಡ್’ ಎಂದರೆ ತಮ್ಮದನ್ನು ಬದಿಗಿರಿಸಿಕೊಂಡು ಇನ್ನೊಬ್ಬರು ಬರೆದುದನ್ನು ನೋಡುವುದು. ಮೊದಲನೆಯ ಗುಂಡಿ ಕಣ್ಣಿಗೆ ಬೀಳುವುದು ಬೇಗ. ಅದೇ ಹೆಚ್ಚು ಅಪಾಯಕರ. ಗುಮಾಸ್ತರು ದೂರವಾಣಿ ಸಂಖ್ಯೆಯನ್ನು ತಿದ್ದುತ್ತಿರುವಾಗ ಶಿಕ್ಷಕಿ ಮಾಧ್ಯಮವನ್ನು ತಿದ್ದಿದ್ದರೆ, ಆ ಗುಂಡಿಯು ಮಾಧ್ಯಮವನ್ನು ಹಳೆಯ ಸ್ಥಿತಿಗೆ ಮರಳಿಸಬಲ್ಲದು. ತಿಳಿಯದಿದ್ದರೆ ‘ಡ್ರಾಪ್ ಚೇಂಜಸ್’ ಒತ್ತಿ, ಇನ್ನೊಬ್ಬರೊಡನೆ ಒಂದು ಮಾತಾಡಿ, ಮತ್ತೆ ತಿದ್ದುವುದೇ ಕ್ಷೇಮ. ಆಯ್ಕೆಗಳಲ್ಲಿ ‘ಎಡಿಟೆಡ್ ರೆಕಾರ್ಡ್’ ಎಂಬ ಬೀಗದ ಕ್ರಮವನ್ನು ನಿಗದಿಪಡಿಸಿದರೆ, ಒಬ್ಬರು ತಿದ್ದುತ್ತಿರುವ ದಾಖಲೆಯನ್ನು ಇನ್ನೊಬ್ಬರು ಆ ಹೊತ್ತಿಗೆ ತಿದ್ದಲಾಗದು. ಸಣ್ಣ ಕಚೇರಿಗೆ ಇದು ಒಪ್ಪುವ ಕ್ರಮ.

6. ತೆರೆದ ಕೂಡಲೇ ನೋಡಬೇಕಾದುದು

ಬರೆಯಲು ತೊಡಗುವ ಮುನ್ನ ಅರ್ಧ ನಿಮಿಷದ ಪರಿಶೀಲನೆ ಸಾಕು. ಒಟ್ಟು ದಾಖಲೆಗಳ ಸಂಖ್ಯೆ ನಿನ್ನೆಯ ಸಂಖ್ಯೆಗೆ ಹೊಂದುತ್ತದೆಯೇ? ಮಾಧ್ಯಮವಾರು ಸಂಖ್ಯೆ ತರಗತಿಯ ಹಾಜರಿ ಪುಸ್ತಕಕ್ಕೆ ಹೊಂದುತ್ತದೆಯೇ? ಕನ್ನಡ ಹೆಸರುಗಳು ಕನ್ನಡದಲ್ಲೇ ಕಾಣುತ್ತವೆಯೇ?

ಮೂರನೆಯ ಪ್ರಶ್ನೆಗೆ ವಿಶೇಷ ಕಾರಣವಿದೆ. ಯೂನಿಕೋಡ್ ಬಳಕೆಗೆ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ತುಂಬಿದ ಹೆಸರುಗಳು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳಾಗಿ ಕಾಣುತ್ತವೆ. ದತ್ತಾಂಶ ಹಾಳಾಗಿರುವುದಿಲ್ಲ, ಅದನ್ನು ತೋರಿಸುವ ಕನ್ನಡಿ ಇರುವುದಿಲ್ಲ, ಅಷ್ಟೆ. ಅಂಥ ವೇಳೆ ಹೆಸರುಗಳನ್ನು ಅಳಿಸಿ ಮತ್ತೆ ಬೆರಳಚ್ಚಿಸಲು ಹೋಗದೆ ಕಡತವನ್ನು ಮುಚ್ಚಬೇಕು. ಹಳೆಯ ದಾಖಲೆಗಳ ಪ್ರತಿ ತೆಗೆದು, ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಿಸಿ, ಪ್ರವೇಶ ದಾಖಲಾತಿ ಪುಸ್ತಕದೊಡನೆ ಒಂದೊಂದಾಗಿ ತಾಳೆ ನೋಡಬೇಕು. ಒಂದೇ ಹೆಸರನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆಯುವ ಶಾಲೆಗಳಲ್ಲಿ ಈ ತಾಳೆ ಇನ್ನಷ್ಟು ಮುಖ್ಯ. ಇಂಗ್ಲಿಷಿನಿಂದ ಮಲಯಾಳಕ್ಕೂ ಅಲ್ಲಿಂದ ಕನ್ನಡಕ್ಕೂ ಹೋದ ಹೆಸರು ಮರಳುವಾಗ ತನ್ನ ದೀರ್ಘವನ್ನೋ ಒತ್ತಕ್ಷರವನ್ನೋ ಕಳೆದುಕೊಂಡಿರಬಹುದು.

7. ಲಿಬ್ರೆಆಫೀಸ್ ಬಳಸುವ ಶಾಲೆಗಳಿಗೆ

ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಒದಗಿಸುವ, ಉಬುಂಟು ಆಧಾರಿತ ಮುಕ್ತ ತಂತ್ರಾಂಶ ವ್ಯವಸ್ಥೆ ಬಳಕೆಯಲ್ಲಿದೆ. ಅಲ್ಲಿ ದತ್ತಸಂಚಯಕ್ಕೆ ಲಿಬ್ರೆಆಫೀಸ್ ಬೇಸ್ ದೊರೆಯುತ್ತದೆ. ತತ್ತ್ವ ಒಂದೇ, ವಿವರ ಬೇರೆ. ಬೇಸ್‌ನ ಕಡತದೊಳಗೇ ಅಡಕವಾದ ದತ್ತಸಂಚಯವನ್ನು ಒಮ್ಮೆಗೆ ಒಬ್ಬರು ಮಾತ್ರ ಬಳಸಬಹುದು. ಎರಡನೆಯವರು ತೆರೆಯಹೊರಟರೆ, ಕಡತವು ಇನ್ನೊಬ್ಬರ ಕೈಯಲ್ಲಿದೆ ಎಂಬ ಸೂಚನೆ ಬರುತ್ತದೆ. ಆಗ ‘ಓದಲು ಮಾತ್ರ’ ತೆರೆಯಬಹುದು, ಇಲ್ಲವೇ ಕಾಯಬಹುದು. ‘ಪ್ರತಿಯನ್ನು ತೆರೆ’ ಎಂಬ ಆಯ್ಕೆ ಬೇಡ. ಎರಡನೆಯ ಪ್ರತಿ ಹುಟ್ಟಿದಲ್ಲೇ ಗೊಂದಲವೂ ಹುಟ್ಟುತ್ತದೆ. ವಿದ್ಯುತ್ತು ಹೋದಾಗ ಬೀಗದ ಕಡತ ಹಾಗೆಯೇ ಉಳಿದು, ಯಾರೂ ಇಲ್ಲದಿದ್ದರೂ ಅದೇ ಸೂಚನೆ ಬರಬಹುದು. ಸೂಚನೆಯಲ್ಲಿ ಕಾಣುವ ಹೆಸರನ್ನೂ ಸಮಯವನ್ನೂ ನೋಡಿ, ಆ ವ್ಯಕ್ತಿಯನ್ನು ಕೇಳಿದ ಬಳಿಕವೇ ಮುಂದುವರಿಯಬೇಕು.

ಹಲವರು ಒಟ್ಟಿಗೆ ದಾಖಲೆ ತುಂಬಲೇಬೇಕಾದರೆ ಮರಿಯಾಡಿಬಿ ಅಥವಾ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಮುಕ್ತ ದತ್ತಸಂಚಯ ವ್ಯವಸ್ಥೆಗಳಲ್ಲೊಂದನ್ನು ಉಗ್ರಾಣವಾಗಿಯೂ ಬೇಸ್ ಕಡತವನ್ನು ಬಾಗಿಲಾಗಿಯೂ ಬಳಸಬಹುದು. ಇದನ್ನು ಸ್ಥಾಪಿಸಲು ಬಲ್ಲವರ ನೆರವು ಬೇಕು. ಸ್ಥಾಪಿಸಿದ ಮೇಲೆ ಬಳಕೆ ಸುಲಭ.

8. ಗುಪ್ತಪದ, ಮುಚ್ಚುವಿಕೆ, ಪ್ರತಿ

ದತ್ತಸಂಚಯದಲ್ಲಿ ಮಕ್ಕಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಜಾತಿ, ಮನೆಯ ವಿಳಾಸಗಳಿರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಗೆ ವಿಶೇಷ ರಕ್ಷಣೆಯನ್ನು ವಿಧಿಸಿದೆ. ಉಗ್ರಾಣದ ಕಡತಕ್ಕೆ ಗುಪ್ತಪದವಿರಲಿ. ಆಕ್ಸೆಸ್‌ನಲ್ಲಿ ಇದನ್ನು ಅಳವಡಿಸಲು ಕಡತವನ್ನು ‘ಎಕ್ಸ್‌ಕ್ಲೂಸಿವ್’ ವಿಧಾನದಲ್ಲಿ, ಅಂದರೆ ಬೇರಾರೂ ಒಳಗಿಲ್ಲದಾಗ ಒಬ್ಬರೇ ತೆರೆಯಬೇಕು. ಬಳಿಕ ಬಾಗಿಲಿನ ಕೊಂಡಿಗಳನ್ನು ಹೊಸದಾಗಿ ಜೋಡಿಸಬೇಕು. ಗುಪ್ತಪದವನ್ನು ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಇಡುವುದು ಒಳ್ಳೆಯದು. ಬಲ್ಲ ಒಬ್ಬರು ವರ್ಗವಾದರೆ ದಾಖಲೆಯೇ ಕೈತಪ್ಪಬಾರದು. ದತ್ತಸಂಚಯವನ್ನಾಗಲಿ ಅದರ ಚಿತ್ರವನ್ನಾಗಲಿ ವಾಟ್ಸ್‌ಆಪ್ ಗುಂಪುಗಳಿಗೆ ಕಳುಹಿಸಬಾರದು.

ಕೆಲಸ ಮುಗಿದ ಮೇಲೆ ಯಂತ್ರವನ್ನು ಹಾಗೆಯೇ ಬಿಟ್ಟು ತರಗತಿಗೆ ಹೋಗಬಾರದು. ಮೊದಲು ನಮೂನೆಯನ್ನು ಮುಚ್ಚಿ, ಬಳಿಕ ತಂತ್ರಾಂಶವನ್ನು ಮುಚ್ಚಬೇಕು. ಸಂಜೆ ಎಲ್ಲರೂ ಹೊರಬಂದ ಮೇಲೆ, ಬೀಗದ ಕಡತ ಅಳಿದಿದೆಯೆಂದು ನೋಡಿ, ಉಗ್ರಾಣದ ಪ್ರತಿಯನ್ನು ಬೇರೊಂದು ಮಾಧ್ಯಮದಲ್ಲಿ ತೆಗೆದಿಡಬೇಕು. ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಅನುಕ್ರಮದಲ್ಲಿ ದಿನಾಂಕವಿದ್ದರೆ, ಉದಾಹರಣೆಗೆ 2025-06-09, ಪ್ರತಿಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಪ್ರತಿಯಿರುವುದು ಕಳೆದುದನ್ನು ಮರಳಿ ಪಡೆಯಲು. ಅದರ ಮೇಲೆ ಕೆಲಸ ಮುಂದುವರಿಸಲು ಅಲ್ಲ. ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು, ಅದು ಸುಸ್ಥಿತಿಯಲ್ಲಿದೆಯೆಂದು ಖಚಿತಪಡಿಸಿಕೊಳ್ಳಬೇಕು. ‘ಕಾಂಪ್ಯಾಕ್ಟ್ ಆ್ಯಂಡ್ ರಿಪೇರ್’ ಎಂಬ ದುರಸ್ತಿಯನ್ನು ಮಾಡುವ ಮುನ್ನವೂ ಪ್ರತಿ ತೆಗೆಯುವುದು ಕಡ್ಡಾಯ.

ಚಟುವಟಿಕೆ

ಕಾಲ್ಪನಿಕ ಹೆಸರುಗಳುಳ್ಳ ಹತ್ತು ದಾಖಲೆಗಳ ಚಿಕ್ಕ ದತ್ತಸಂಚಯವನ್ನು ಶಿಕ್ಷಕರ ಸಭೆಯಲ್ಲಿ ಸಿದ್ಧಪಡಿಸಬೇಕು. ಇಬ್ಬರು ಶಿಕ್ಷಕರು ಎರಡು ಯಂತ್ರಗಳಿಂದ ಅದನ್ನು ತೆರೆದು, ಒಂದೇ ದಾಖಲೆಯ ಬೇರೆ ಬೇರೆ ಕಲಮುಗಳನ್ನು ಏಕಕಾಲಕ್ಕೆ ತಿದ್ದಬೇಕು. ಬಂದ ಸೂಚನೆಯನ್ನು ಎಲ್ಲರೂ ಗಟ್ಟಿಯಾಗಿ ಓದಿ, ಪ್ರತಿಯೊಂದು ಆಯ್ಕೆಯ ಪರಿಣಾಮವನ್ನು ಚರ್ಚಿಸಬೇಕು. ಕೊನೆಯಲ್ಲಿ ಪೆನ್ ಡ್ರೈವಿನ ಪ್ರಸಂಗವನ್ನು ಅಭಿನಯಿಸಿ, ಯಾವ ತಿದ್ದುಪಡಿ ಕಾಣೆಯಾಯಿತೆಂದು ಪತ್ತೆಹಚ್ಚಬೇಕು.

ಮೌಲ್ಯಮಾಪನ ಪ್ರಶ್ನೆಗಳು

1. ಬೀಗದ ಕಡತ ಉಳಿದಿರುವಾಗ ಉಗ್ರಾಣದ ಪ್ರತಿ ತೆಗೆಯುವುದು ಏಕೆ ತಪ್ಪು?
2. ‘ಓದಲು ಮಾತ್ರ’ ಅನುಮತಿಯು ದಾಖಲೆ ತುಂಬುವವರಿಗೆ ಹೇಗೆ ಅಡ್ಡಿಯಾಗುತ್ತದೆ?
3. ಮಾತೃಭಾಷೆ ಮತ್ತು ಮಾಧ್ಯಮ ಎಂಬ ಕಲಮುಗಳನ್ನು ಬೆರೆಸಿದರೆ ನಿಮ್ಮ ಶಾಲೆಯ ಯಾವ ಮಕ್ಕಳ ಲೆಕ್ಕ ತಪ್ಪುತ್ತದೆ?
4. ನಿಮ್ಮ ಕಚೇರಿಯಲ್ಲಿ ಗುಪ್ತಪದ ಬಲ್ಲವರು ಎಷ್ಟು ಮಂದಿ? ಅವರಲ್ಲೊಬ್ಬರು ವರ್ಗವಾದರೆ ಏನು ಮಾಡಬೇಕಾಗುವುದು?

ಸಾರಾಂಶ

ದತ್ತಾಂಶ ಒಂದೇ ಕಡೆ ಇರಲಿ. ಬಾಗಿಲು ಪ್ರತಿಯೊಬ್ಬರಿಗೂ ತಮ್ಮ ತಮ್ಮ ಯಂತ್ರದಲ್ಲಿ ಇರಲಿ. ಉಗ್ರಾಣವನ್ನು ನೇರವಾಗಿ ತೆರೆಯಬಾರದು, ಹೊತ್ತೊಯ್ಯಬಾರದು. ಸೂಚನೆಗಳನ್ನು ಓದದೆ ಗುಂಡಿ ಒತ್ತಬಾರದು. ತೆರೆದಾಗ ಸಂಖ್ಯೆಯನ್ನು ತಾಳೆ ನೋಡಿ, ಮುಚ್ಚಿದಾಗ ಪ್ರತಿ ತೆಗೆಯಬೇಕು. ಪ್ರವೇಶ ದಾಖಲಾತಿ ಪುಸ್ತಕದ ಪ್ರತಿ ಸಾಲಿಗೆ ಹಿಂದಿನ ಶಿಕ್ಷಕರು ಕೊಟ್ಟ ಗಮನವನ್ನೇ ಪರದೆಯ ಮೇಲಿನ ಸಾಲಿಗೂ ಕೊಟ್ಟರೆ, ಕನ್ನಡ ತರಗತಿಯಲ್ಲಿ ಕುಳಿತಿರುವ ಪ್ರತಿಯೊಂದು ಮಗುವೂ ಕನ್ನಡ ತರಗತಿಯ ಲೆಕ್ಕದಲ್ಲೂ ಇರುತ್ತದೆ.